ಸಕ್ಕರೆ ಇಲ್ಲದ ಚಹಾ

ನಮ್ಮ ಅಡುಗೆಮನೆಯ ಗೋಡೆಗೆ ಹತ್ತಿಕೊಂಡೇ ಪಕ್ಕದ ಮನೆಯ ದನದ ಕೊಟ್ಟಿಗೆ. ಬೆಳಗಿನ ಹೊತ್ತು ಹಾಲು ಹಿಂಡಲು ಕೂತ ಅಲ್ಲಿಯ ಮುದುಕಿಗೆ ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿತ್ತು. ಒಂದು ದಿನ ಕೇಳಿಸದಿದ್ದರೆ ಗೋಡೆಯಾಚೆಯಿಂದಲೇ ನನ್ನ ಅತ್ತೆಯನ್ನು ಕೂಗಿ ವಿಚಾರಿಸುತ್ತಿದ್ದಳು, "ಯಾಕಬೇ, ತವರಮನಿಗೆ ಹೋಗ್ಯಾಳೇನ ನಿನ್ನ ಸೊಸಿ?" ತವರಿಗೆ ಹೋಗಿದ್ದರೆ ಸಪ್ಪಳ ಇರುವುದಿಲ್ಲ. ಅದು ಬಿಟ್ಟು ನನ್ನ ಕೈ ನಿಲ್ಲಲು ಬೇರೆ ಕಾರಣ ಇರಬಹುದು ಎಂದು ಆ ಓಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ನಮ್ಮದು ಅಥಣಿ ಕಡೆಯ ಹಳ್ಳಿ. ಮೇಲಿನ ಹೊಲದಲ್ಲಿ ದ್ರಾಕ್ಷಿ, ಕೆಳಗಿನದರಲ್ಲಿ ಕಬ್ಬು. ಮಾವನವರ ಕಾಲದಿಂದ ನಡೆದು ಬಂದ ಪದ್ಧತಿ ಒಂದಿತ್ತು. ನಮ್ಮ ತೋಟಕ್ಕೆ ಬಂದ ಆಳಿಗೆ ಮಧ್ಯಾಹ್ನದ ರೊಟ್ಟಿ ನಮ್ಮ ಮನೆಯಿಂದಲೇ ಹೋಗಬೇಕು. ಬೇರೆಯವರ ತೋಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವವರು ನಮ್ಮಲ್ಲಿಗೆ ಕೈ ಬೀಸಿಕೊಂಡು ಬರುತ್ತಿದ್ದರು. ಈ ದೊಡ್ಡತನವನ್ನು ಊರೆಲ್ಲ ಹೊಗಳುತ್ತಿತ್ತು. ಹೊಗಳಿಕೆ ಮೊದಲು ಮಾವನವರಿಗೆ, ಅವರು ಹೋದ ಮೇಲೆ ನನ್ನ ಗಂಡನಿಗೆ. ಹಿಟ್ಟು ನಾದುವ ಕೆಲಸ ಮೊದಲು ಅತ್ತೆಗೆ, ಆಮೇಲೆ ನನಗೆ.

ನನ್ನನ್ನು ನೋಡಲು ನನ್ನ ತವರೂರು ಅಂಕಲಿಗೆ ಬಂದ ದಿನ ಅತ್ತೆ ನನ್ನ ಮುಖವನ್ನು ಸರಿಯಾಗಿ ನೋಡಲಿಲ್ಲ. ಅವಲಕ್ಕಿ, ಚಹಾ ಮುಗಿದ ಮೇಲೆ ಗಂಡಸರು ಮಾತಾಡುತ್ತಿರುವಾಗ ಎದ್ದು ನೇರ ನಮ್ಮ ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತುಬಿಟ್ಟರು. "ಒಂದ್ ರೊಟ್ಟಿ ಬಡಿ, ನೋಡೂಣು" ಅಂದರು. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಡಿದೆ. ಹಂಚಿನ ಮೇಲೆ ಅದು ಚೆನ್ನಾಗಿ ಉಬ್ಬಿತು. ಅವರು ತಿಂದು ನೋಡಲಿಲ್ಲ. ಅಂಚನ್ನು ಬೆರಳಿನಿಂದ ಮುಟ್ಟಿದರು, ಆಮೇಲೆ ನನ್ನ ಅಂಗೈಯನ್ನು ಮೇಲೆ ಕೆಳಗೆ ತಿರುವಿ ನೋಡಿದರು. "ಕೈ ಚಲೋ ಅದಾವ" ಎಂದು ನನ್ನ ಅವ್ವನಿಗೆ ಹೇಳಿ ಹೊರಗೆ ಹೋದರು. ಲಗ್ನ ನಿಶ್ಚಯವಾಯಿತು. ಆ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಈಗ ನೆನೆದರೆ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದು ಕಣ್ಣಿಗೆ ಕಟ್ಟುತ್ತದೆ.

ಮಗಳನ್ನು ಕಾಗವಾಡಕ್ಕೆ ಕೊಟ್ಟ ವರ್ಷ ನೋವು ಶುರುವಾಯಿತು. ಮೊದಮೊದಲು ಬೆಳಗ್ಗೆ ಎದ್ದಾಗ ಬೆರಳುಗಳು ಮಡಚುತ್ತಿರಲಿಲ್ಲ. ಲಗ್ನದ ಕೆಲಸ, ದಗದ ಹೆಚ್ಚಾಗಿದೆ, ಅದಕ್ಕೇ ಎಂದುಕೊಂಡೆ. ಲಗ್ನ ಮುಗಿದು ತಿಂಗಳುಗಳು ಕಳೆದರೂ ಬೆರಳುಗಳಿಗೆ ಅದು ಮುಗಿಯಲಿಲ್ಲ. ಗೆಣ್ಣುಗಳು ಬಾತು ಕೆಂಪಾದವು. ನಲ್ಲಿ ತಿರುಗಿಸಲಾಗದು, ಒದ್ದೆ ಸೀರೆ ಹಿಂಡಲಾಗದು, ಜಂಪರಿನ ಹುಕ್ಕು ಹಾಕಿಕೊಳ್ಳಲಾಗದು. ತುರುಬು ಕಟ್ಟಲು ಕೈ ಮೇಲೆತ್ತಿದರೆ ಭುಜದಲ್ಲಿ ಯಾರೋ ಮೊಳೆ ಹೊಡೆದ ಹಾಗೆ. ಬಿಸಿಲು ಏರಿದ ಮೇಲೆ ಸ್ವಲ್ಪ ಸಡಿಲವಾಗುತ್ತಿತ್ತು. ಆದರೆ ನಮ್ಮ ಮನೆಯ ರೊಟ್ಟಿ ಬಿಸಿಲಿಗೆ ಕಾಯುವುದಿಲ್ಲ.

ಬುದ್ಧಿ ಹೇಳುವವರಿಗೆ ಬರವೇನೂ ಇರಲಿಲ್ಲ. ಎಕ್ಕೆಯ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟು ಅಂದರು, ಕಟ್ಟಿದೆ. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡು ಅಂದರು, ಕೊಟ್ಟೆ. ಹರಳೆಣ್ಣೆ ತಿಕ್ಕು, ಮೆಂತ್ಯ ನೆನೆಸಿ ತಿನ್ನು, ಬದನೆಕಾಯಿ ಬಿಡು, ತಾಮ್ರದ ಬಳೆ ಹಾಕು. ನಮ್ಮೂರಲ್ಲಿ ಕೀಲುನೋವಿನ ಔಷಧ ಗೊತ್ತಿಲ್ಲದ ಮನುಷ್ಯನೇ ಇಲ್ಲ, ನೋವು ಮಾತ್ರ ಮನೆಮನೆಯಲ್ಲೂ ಇದೆ. ಶಾಖ ಕೊಟ್ಟಷ್ಟು ಹೊತ್ತು ಹಾಯೆನಿಸುತ್ತಿದ್ದುದು ನಿಜ. ಅಷ್ಟು ಹೊತ್ತು ಕೂರಲು ಯಾರು ಬಿಡುತ್ತಾರೆ? "ಕೂತಷ್ಟೂ ಕೈ ಹಿಡಕೋತಾವ. ದಗದಾ ಮಾಡಿದ್ರ ತಾವ ಸಡಲ ಆಗತಾವ" ಎನ್ನುವುದು ಅತ್ತೆಯ ಔಷಧ. ನಾನು ಅಳುತ್ತ ಬಡಿಯುತ್ತಿದ್ದೆ. ರೊಟ್ಟಿಯ ಅಂಚು ಸೀಳತೊಡಗಿತು. ಒಂದು ಮಧ್ಯಾಹ್ನ ತೋಟದಿಂದ ಬಂದ ನನ್ನ ಗಂಡ, "ಆಳು ನಗಾಕತ್ತಾವ. ಇವು ರೊಟ್ಟಿ ಏನ ಹಪ್ಪಳದ ಚೂರ ಅಂತ" ಎಂದು ಬುಟ್ಟಿಯನ್ನು ನನ್ನ ಮುಂದೆ ಇಟ್ಟರು. ನನ್ನ ಕೈ ಹೇಗಿದೆ ಎಂದು ಕೇಳಲಿಲ್ಲ.

ಆ ವಾರವೇ ಗಡಿಯಾಚೆಯ ಒಂದೂರಿಗೆ ಕರೆದುಕೊಂಡು ಹೋದರು. ಅಲ್ಲೊಬ್ಬ ಪುಡಿ ಕೊಡುವವನು. ಅವನ ಅಂಗಳದಲ್ಲಿ ನಸುಕಿನಲ್ಲೇ ಸಾಲು ಹಚ್ಚಿದ್ದರು. ಮರಾಠಿ ಮಾತಾಡುವವರು, ಕನ್ನಡ ಮಾತಾಡುವವರು, ಎರಡನ್ನೂ ಕಲಸಿ ಮಾತಾಡುವ ನಮ್ಮಂಥವರು, ಎಲ್ಲರದೂ ಮಂಡಿ, ಮೊಣಕೈ, ಬೆರಳು. ಅವನು ನನ್ನ ಉಗುರು ನೋಡಿದ, ಬೂದು ಬಣ್ಣದ ಪುಡಿಯ ಪೊಟ್ಟಣಗಳನ್ನು ಕೊಟ್ಟ, ಪಥ್ಯ ಹೇಳಿದ. ಮೊಸರು ಇಲ್ಲ, ಬದನೆ ಇಲ್ಲ, ಹುಳಿ ಇಲ್ಲ, ಇಂಗ್ಲಿಷ್ ಗುಳಿಗೆಯನ್ನಂತೂ ಕಣ್ಣೆತ್ತಿ ನೋಡುವ ಹಾಗಿಲ್ಲ. ಪಥ್ಯ ಹೇಳಿದ ಮೇಲೆ ನಮ್ಮ ಮಂದಿಗೆ ಅನುಮಾನವೇ ಉಳಿಯುವುದಿಲ್ಲ. ಕಟ್ಟುನಿಟ್ಟಾಗಿ ಪಥ್ಯ ಹೇಳುವವನು ಸುಳ್ಳು ಹೇಳಲಾರ ಎಂದೇ ನಂಬುತ್ತೇವೆ. ಪೊಟ್ಟಣದಲ್ಲಿ ಏನಿದೆ ಎಂದು ಕೇಳುವುದು ಯಾರಿಗೂ ನೆನಪಾಗಲಿಲ್ಲ.

ಸುಳ್ಳು ಯಾಕೆ ಹೇಳಲಿ, ಒಂದೆರಡು ದಿನಕ್ಕೇ ನನ್ನ ಮುಷ್ಟಿ ಮುಚ್ಚಿತು. ಬೆಳಗ್ಗೆ ಹಾಸಿಗೆಯಲ್ಲಿ ಕೂತು ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ. ಕಣ್ಣಲ್ಲಿ ನೀರು ಬಂತು. ಎದ್ದು ಎಸರಿಟ್ಟು, ಹಿಟ್ಟು ನಾದಿ, ಬಡಿದ ರಭಸಕ್ಕೆ ಪಕ್ಕದ ಮುದುಕಿ ಗೋಡೆಯಾಚೆಯಿಂದ, "ಬಂತ ನೋಡಬೇ ಸಪ್ಪಳ!" ಎಂದು ಕೂಗಿದಳು. ಅತ್ತೆ ದೇವರ ಮುಂದೆ ಊದುಬತ್ತಿ ಹಚ್ಚಿದರು. ಬುಟ್ಟಿ ಮೊದಲಿನಂತೆ ತುಂಬಿ ತೋಟಕ್ಕೆ ಹೋಯಿತು.

ಕೆಲವು ತಿಂಗಳಲ್ಲಿ ನನ್ನ ಮುಖ ದುಂಡಗಾಯಿತು, ಕತ್ತಿನ ಹಿಂದೆ ಮಾಂಸ ಬೆಳೆಯಿತು. ಕಂಡವರೆಲ್ಲ, "ಮಾರಿ ಮ್ಯಾಲ ಕಳೆ ಬಂದೈತಿ, ಮೈ ತುಂಬಿಕೊಂಡಾಳ" ಎಂದು ಹೊಗಳಿದರು. ಒಡೆತನದ ಮನೆಯ ಹೆಂಗಸು ಹೀಗೇ ಇರಬೇಕು ಎಂದು ಅತ್ತೆ ನಾಲ್ಕು ಮಂದಿಯ ಮುಂದೆ ಹೇಳಿದರು. ನಾನೂ ಕನ್ನಡಿಯಲ್ಲಿ ನೋಡಿಕೊಂಡು ಚೆನ್ನಾಗಿದ್ದೇನೆ ಎಂದೇ ತಿಳಿದೆ. ತೊಡೆಗಳು ಸೋತು ಕೂತಲ್ಲಿಂದ ಏಳಲು ನೆಲಕ್ಕೆ ಕೈಯೂರಬೇಕಾಗಿತ್ತು, ಬಾಯಾರಿಕೆಗೆ ತಂಬಿಗೆಗಟ್ಟಲೆ ನೀರು ಸಾಲುತ್ತಿರಲಿಲ್ಲ. ಅವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿದೆ.

ಪಂಚಮಿಗೆ ಅಂಕಲಿಗೆ ಹೋದಾಗ ನನ್ನ ಅಣ್ಣ ಬಾಗಿಲಲ್ಲೇ ನಿಂತು ಗುರುತು ಸಿಗದವನ ಹಾಗೆ ನೋಡಿದ. "ಇದು ಮೈ ಬಂದಿದ್ದಲ್ಲ ತಂಗಿ, ಬಾವು" ಅಂದ. ಇದನ್ನು ಹೇಳಿದ ಮೊದಲ ಮನುಷ್ಯ ಅವನೇ. ನನ್ನ ಗಂಡನಿಗೆ ಫೋನು ಹಚ್ಚಿ, ಬೆಳಗಾವಿಯಿಂದ ಚಿಕ್ಕೋಡಿಗೆ ವಾರಕ್ಕೊಮ್ಮೆ ಬರುವ ಕೀಲಿನ ಡಾಕ್ಟರಿಗೆ ತೋರಿಸೋಣ ಬರ್ರಿ ಎಂದು ಕರೆದ. ಅವರಿಗೆ ಬಿಡುವಿರಲಿಲ್ಲ. ಕಬ್ಬಿಗೆ ಗೊಬ್ಬರ, ದ್ರಾಕ್ಷಿಗೆ ಔಷಧ ಸಿಂಪಡಣೆ, ಬೋರಿನ ಮೋಟಾರು ಸುಟ್ಟಿದೆ. ಆ ದಿನ ಅಣ್ಣನೇ ಕರೆದುಕೊಂಡು ಹೋದ. ಮುಂದಿನ ಸಲಗಳಿಗೂ ಅವನೇ. ನನ್ನ ಗಂಡನಿಗೆ ಚಿಕ್ಕೋಡಿಯ ದಾರಿ ಎಂದೂ ಸಿಗಲಿಲ್ಲ.

ಡಾಕ್ಟರು ಹೆಂಗಸು. ನನ್ನ ಬೆರಳು ನೋಡುವ ಮೊದಲು ಮುಖ ನೋಡಿದರು. "ಯಾವ ಪುಡಿ ತಗೋಳಾಕತ್ತೀರಿ?" ಎಂದು ಕೇಳಿದರು. ನಾನಿನ್ನೂ ಪುಡಿಯ ಸುದ್ದಿಯನ್ನೇ ತೆಗೆದಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ ತಿಳಿಸಿ ಹೇಳಿದರು. ನನ್ನದು ದಗದದಿಂದ ಬಂದ ನೋವಲ್ಲ, ಮೈಯೇ ತನ್ನ ಕೀಲುಗಳ ಮೇಲೆ ತಿರುಗಿ ಬೀಳುವ ಸಂಧಿವಾತ. ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ, ಅದು ನೋವನ್ನು ಮುಚ್ಚುತ್ತದೆ, ಒಳಗೆ ಎಲುಬನ್ನು ಟೊಳ್ಳು ಮಾಡುತ್ತದೆ. ಸಕ್ಕರೆ ಕಾಯಿಲೆ ಆಗಲೇ ಬಂದು ಕೂತಿದೆ. ಪುಡಿಯನ್ನು ಒಮ್ಮೆಲೇ ಬಿಟ್ಟರೂ ಅಪಾಯ, ಹಾಗಾಗಿ ಅಳತೆ ಗೊತ್ತಿರುವ ಗುಳಿಗೆ ಕೊಟ್ಟು ಹಂತಹಂತವಾಗಿ ಇಳಿಸುತ್ತೇನೆ. ಜೊತೆಗೆ ರೋಗಕ್ಕೆ ವಾರಕ್ಕೊಂದು ಸಲ ನುಂಗುವ ಗುಳಿಗೆ. ಅದು ಕೆಲಸ ಶುರು ಮಾಡಲು ತಿಂಗಳುಗಳು ಬೇಕು. "ಅಲ್ಲೀತನಕಾ ಬ್ಯಾನಿ ಇರ್ತೈತ್ರಿ. ಕೈಗೆ ವಿಶ್ರಾಂತಿ ಬೇಕು. ನಾದೋದು, ಬಡಿಯೋದು ಬಂದ್" ಅಂದರು.

ನಾನು ನಕ್ಕೆ. ಡಾಕ್ಟರು ಯಾಕೆ ನಗುತ್ತೀರಿ ಎಂದು ಕೇಳಿದರು.

ಮನೆಗೆ ಬಂದು ಹೇಳಿದಾಗ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ನನ್ನ ಗಂಡ, "ಆಯ್ತು, ಡಾಕ್ಟರ ಹೇಳಿದಂಗ ಮಾಡು. ಸುಗ್ಗಿ ಬಂದಾಗ ನೋಡೂಣು" ಅಂದರು. ಉಳಿದಿದ್ದ ಪೊಟ್ಟಣಗಳನ್ನು ನಾನೇ ತಂದು ಅತ್ತೆಯ ಕೈಗಿಟ್ಟು, "ತಿಪ್ಪ್ಯಾಗ ಒಗದಬಿಡ್ರಿ ಅತ್ತ್ಯಾರ" ಎಂದೆ. ಒಗೆಯುತ್ತೇನೆ ಎಂದು ತಲೆಯಾಡಿಸಿದರು. ಆಮೇಲಿನ ವಾರಗಳು ನರಕ. ಬೆರಳು ಮತ್ತೆ ಬಾತವು. ಅತ್ತೆ ಒಲೆಯ ಮುಂದೆ ಕೂತು ತಮ್ಮ ಸೊಟ್ಟ ಬೆರಳುಗಳಲ್ಲೇ ನಾಲ್ಕು ರೊಟ್ಟಿ ಬಡಿದು ಎದ್ದು ಸೊಂಟ ಹಿಡಿದುಕೊಳ್ಳುತ್ತಿದ್ದರು. ಆಳುಗಳಿಗೆ ಅನ್ನ ಕುದಿಸಿ ಕಳಿಸಿದೆವು. ನಮ್ಮ ಕಡೆ ಆಳಿಗೆ ಬರೀ ಅನ್ನ ಕಳಿಸುವುದೆಂದರೆ ಆ ಮನೆ ಇಳಿಯಿತು ಎಂದೇ ಅರ್ಥ.

ದ್ರಾಕ್ಷಿ ಕೊಯ್ಲಿನ ಮುಂಚೆ ಒಂದು ಬೆಳಗ್ಗೆ, ನಾನಿನ್ನೂ ಹಾಸಿಗೆಯಲ್ಲಿ ಬೆರಳು ಬಿಡಿಸಿಕೊಳ್ಳುತ್ತ ಕೂತಿದ್ದಾಗ, ಅತ್ತೆ ಚಹಾ ತಂದು ನನ್ನ ಮುಂದಿಟ್ಟರು. "ಶುಂಠಿ ಹಾಕೇನಿ. ಬಿಸಿ ಅದಾಗ ಕುಡಿ. ಸಕ್ರಿ ಹಾಕಿಲ್ಲ, ಡಾಕ್ಟರ ಬ್ಯಾಡಂದಾರಲಾ."

ಆ ಮನೆಗೆ ಬಂದ ಮೇಲೆ ಯಾರೂ ನನಗೆ ಚಹಾ ಮಾಡಿಕೊಟ್ಟಿರಲಿಲ್ಲ. ಬಾಣಂತಿಯಾಗಿದ್ದಾಗ ತವರಲ್ಲಿದ್ದೆ. ಜ್ವರ ಬಂದಾಗ ನಾನೇ ಎದ್ದು ಮಾಡಿಕೊಂಡು, ಎದ್ದಿದ್ದೇನಲ್ಲ ಎಂದು ಎಲ್ಲರಿಗೂ ಮಾಡಿಕೊಟ್ಟಿದ್ದೆ. ಸ್ಟೀಲಿನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದರೆ ಬಿಸಿ ಬೆರಳಿಗೆ ಇಳಿಯುತ್ತಿತ್ತು. ಚಹಾ ಕಹಿಯಾಗಿತ್ತು. ಸಕ್ಕರೆ ಇಲ್ಲದ ಚಹಾ ನಾನು ಹುಟ್ಟಿದಾಗಿನಿಂದ ಕುಡಿದವಳಲ್ಲ, ಸಕ್ಕರೆ ಇಲ್ಲದಿದ್ದರೆ ಹೀಗೇ ಇರುತ್ತದೆ ಎಂದುಕೊಂಡು ಕಣ್ಣು ಮುಚ್ಚಿ ಕುಡಿದೆ. ಅವರು ಲೋಟ ಖಾಲಿಯಾಗುವವರೆಗೆ ಅಲ್ಲೇ ನಿಂತಿದ್ದು ತೆಗೆದುಕೊಂಡು ಹೋದರು. ಮರುದಿನವೂ ತಂದರು. ದಿನವೂ ತಂದರು.

ಕೈ ಬಂದವು. ಡಾಕ್ಟರು ತಿಂಗಳುಗಳು ಬೇಕು ಅಂದಿದ್ದರು, ನನಗೆ ಬೇಗ ಗುಣ ಕಂಡಿತು. ಕೊಯ್ಲು ಬಂತು, ಒಣದ್ರಾಕ್ಷಿಯ ಶೆಡ್ಡಿಗೆ ಆಳು ಬಂದವು, ನಾನು ಬಡಿದೆ. ವಿಶ್ರಾಂತಿಯ ಮಾತನ್ನು ಯಾರೂ ಎತ್ತಲಿಲ್ಲ. ಬಡಿಯಲು ಬರುತ್ತಿದೆಯಲ್ಲ ಎಂದು ನಾನೂ ಎತ್ತಲಿಲ್ಲ. ಮಗಳಿಗೆ ಫೋನಿನಲ್ಲಿ ಅತ್ತೆಯ ಚಹಾದ ಸುದ್ದಿ ಹೇಳುವಾಗ ನಾನು ಅತ್ತುಬಿಟ್ಟೆ. "ನಿಮ್ಮ ಅಜ್ಜಿ ಮುದುಕಾದ ಮ್ಯಾಲ ಮೆತ್ತಗಾಗ್ಯಾರ" ಎಂದೆ. ಅತ್ತೆಯ ಕಾಲು ಒತ್ತಿದೆ. ಅವರಿಗೆ ಇಷ್ಟವಾದ ಶೇಂಗಾ ಹೋಳಿಗೆ ಮಾಡಿ ಬಿಸಿಯಿರುವಾಗಲೇ ಬಡಿಸಿದೆ.

ಚಿಕ್ಕೋಡಿಯಲ್ಲಿ ಮಾತ್ರ ಡಾಕ್ಟರ ಹುಬ್ಬು ಗಂಟಿಕ್ಕುತ್ತಲೇ ಇತ್ತು. ಸಕ್ಕರೆ ಇಳಿಯುತ್ತಿಲ್ಲ, ಮುಖದ ಬಾವು ಹೋಗುತ್ತಿಲ್ಲ. "ನಿಜಾ ಹೇಳ್ರಿ, ಪುಡಿ ಬಿಟ್ಟೀರೋ ಇಲ್ಲೋ?" ಎಂದು ಕೇಳಿದರು. ಅಣ್ಣನ ಮುಂದೆ, ಮಗಳ ಮೇಲೆ ಆಣೆ ಮಾಡಿ ಹೇಳಿದೆ. ಅವರು ನಂಬಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಕದ್ದು ತಿನ್ನುವವಳ ಹಾಗೆ ನನ್ನನ್ನು ನೋಡಿದ್ದಕ್ಕೆ ನನಗೆ ಸಿಟ್ಟು ಬಂತು. ದಾರಿಯುದ್ದಕ್ಕೂ ಆ ಡಾಕ್ಟರನ್ನು ಬೈದೆ.

ಆ ಬೇಸಿಗೆಯಲ್ಲಿ ಅಣ್ಣನ ಮನೆಯಲ್ಲಿ ನಾಮಕರಣ. ಅಂಕಲಿಯಲ್ಲಿ ಉಳಿದೆ. ಎರಡು ದಿನ ಕಳೆಯುವಷ್ಟರಲ್ಲಿ ಮೈಯೆಲ್ಲ ಕಟ್ಟಿಹಾಕಿದ ಹಾಗಾಯಿತು. ಬಾಗಿಲ ಚೌಕಟ್ಟು ಹಿಡಿದರೂ ಏಳಲಾಗದು, ವಾಕರಿಕೆ, ತಲೆ ಸುತ್ತು. ಅಣ್ಣನ ಹೆಂಡತಿ, ನಾವು ವೈನಿ ಅನ್ನುತ್ತೇವೆ, ಬಿಸಿನೀರಿನ ಬೋಗುಣಿಯಲ್ಲಿ ನನ್ನ ಕೈ ಇಟ್ಟು ಕೂರಿಸಿ ತುತ್ತು ಮಾಡಿ ಉಣ್ಣಿಸಿದಳು. ತವರಿನ ಗಾಳಿ ಆಗಿಬರಲಿಲ್ಲ ಎಂದುಕೊಂಡು ಹೇಗೋ ಊರಿಗೆ ಬಂದೆ. ಅತ್ತೆಯ ಚಹಾ ಕುಡಿದೆ. ಒಂದೆರಡು ದಿನದಲ್ಲಿ ಎದ್ದು ಓಡಾಡಿದೆ. "ನಮ್ಮನಿ ನೀರಿನ ಗುಣ ಐತಿ ನೋಡ್ರಿ" ಎಂದು ನಾನೇ ಪಕ್ಕದ ಮುದುಕಿಗೆ ಹೆಮ್ಮೆಯಿಂದ ಹೇಳಿದೆ. ಅತ್ತೆ ಅಲ್ಲೇ ಕಾಳು ಆರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

ಆಷಾಢ ಏಕಾದಶಿಗೆ ಅವರು ಪ್ರತಿ ವರ್ಷ ಪಂಢರಪುರಕ್ಕೆ ಹೋಗುತ್ತಾರೆ. ಮೊದಲು ದಿಂಡಿಯ ಭಜನೆಯವರ ಜೊತೆ ನಡೆದು, ಈಗ ಬಸ್ಸಿನಲ್ಲಿ. ಈ ಸಲ ಹೋಗುವ ಮುಂಚೆ ನಿಪ್ಪಾಣಿಯಿಂದ ನನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕರೆಸಿಕೊಂಡರು. ನನ್ನೊಬ್ಬಳಿಗೆ ಕಷ್ಟವಾಗಬಾರದು ಎಂದು ಕರೆಸಿದ್ದಾರೆ ಎಂದು ನಾನು ಮತ್ತೊಮ್ಮೆ ಕರಗಿದೆ. ಅವಳು ಪೇಟೆಯಲ್ಲಿ ಬೆಳೆದವಳು, ರೊಟ್ಟಿಯ ತಂಟೆಗೆ ಹೋಗುವವಳಲ್ಲ, ಆದರೆ ಮನಸ್ಸಿನಲ್ಲಿ ಕಪಟ ಇಲ್ಲ. ಅತ್ತೆ ಬಸ್ಸು ಹತ್ತಿದ ಮರುದಿನ ಬೆಳಗ್ಗೆ ಅವಳು ಚಹಾ ಕುದಿಸುತ್ತಿದ್ದಳು. ನಾನು ಹಿಟ್ಟಿನ ಡಬ್ಬಿ ತೆಗೆಯಲು ಒಳಗೆ ಹೋದೆ. ನನ್ನ ಕಣ್ಣ ಮುಂದೆಯೇ ಸೆರಗಿನ ಗಂಟಿನಿಂದ ಪೊಟ್ಟಣವೊಂದನ್ನು ಬಿಚ್ಚಿ ನನ್ನ ಲೋಟಕ್ಕೆ ಸುರಿದು ಚಮಚದಿಂದ ತಿರುವಿದಳು. ಬೂದು ಬಣ್ಣದ ಪುಡಿ.

"ಏನದು?"

"ನಿಮ್ಮ ಔಷಧ ಅಲ್ರಿ ಅಕ್ಕಾರ? ದಿನಾ ದೊಡ್ಡಾಕಿ ಚಹಾದಾಗ ಒಂದ್ ಪುಡಿ ಹಾಕು, ಮರೀಬ್ಯಾಡ ಅಂತ ಅತ್ತ್ಯಾರ ಹೇಳಿ ಹೋಗ್ಯಾರ." ನನ್ನ ಮುಖ ನೋಡಿ ಅವಳ ಕೈ ನಿಂತಿತು. "ನಿಮಗ ಗೊತ್ತಿಲ್ಲೇನ್ರೀ?"

ನಾನು ಅಲ್ಲೇ ಹಿಟ್ಟಿನ ಡಬ್ಬಿಯ ಪಕ್ಕ ಕೂತೆ. ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ನಾಚಿಕೆ. ಕಾಲು ಒತ್ತಿದ್ದೆ, ಹೋಳಿಗೆ ಮಾಡಿದ್ದೆ, ಮಗಳ ಮುಂದೆ ಅತ್ತಿದ್ದೆ. ಆ ಮನೆಯಲ್ಲಿ ಯಾರೋ ಒಬ್ಬರು ನನಗಾಗಿ ಬೇಗ ಏಳುತ್ತಾರೆ ಎಂದು ನಂಬಿ ಎಷ್ಟು ಖುಷಿಯಾಗಿದ್ದೆ. ಅವರು ಎದ್ದಿದ್ದು ನನ್ನ ಕೈಗಳಿಗಾಗಿ.

ಅಣ್ಣ ಬಂದು ಚಿಕ್ಕೋಡಿಗೆ ಕರೆದುಕೊಂಡು ಹೋದ. ಪೊಟ್ಟಣವನ್ನು ಡಾಕ್ಟರ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಅವರು ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ನಿಮ್ಮನ್ನ ನಂಬಲಿಲ್ಲ, ತಪ್ಪಾತು" ಅಂದರು. ಆ ಮನೆಯಲ್ಲಿ ಯಾರೂ ಆಡದ ಮಾತನ್ನು ಹೊರಗಿನವರು ಆಡಿದರು. ಗುಳಿಗೆಯ ಅಳತೆಯನ್ನು ಮತ್ತೆ ಮೊದಲಿನಿಂದ ಹಚ್ಚಿಕೊಟ್ಟರು.

ಅತ್ತೆ ಪಂಢರಪುರದಿಂದ ಬಂದರು. ಹಣೆಯ ಮೇಲೆ ಗುಡಿಯಲ್ಲಿ ಹಚ್ಚಿದ ಬುಕ್ಕಿಟ್ಟಿನ ಕಪ್ಪು, ಕೈಯಲ್ಲಿ ಚುರಮುರಿಯ ಪ್ರಸಾದ. ಕಾಲು ತೊಳೆದು ಕೂರುವವರೆಗೆ ಕಾದೆ.

"ಚಹಾದಾಗ ಏನ ಹಾಕತಿದ್ರಿ ಅತ್ತ್ಯಾರ?"

"ಔಷಧ." ಒಂದಿಷ್ಟೂ ತಡವರಿಸಲಿಲ್ಲ.

"ಯಾರ್ನ ಕೇಳಿ ಹಾಕಿದ್ರಿ?"

"ಯಾರ್ನ ಕೇಳಬೇಕ? ದಿನಾ ಮುಂಜಾನಿ ಹಾಸಗ್ಯಾಗ ಕೂತ ಅಳತಿದ್ದಿ. ಕೈ ಬಂದ್ವೋ ಇಲ್ಲೋ ಅದನ್ನ ಹೇಳು."

"ನನ್ನ ಮೈ ಹಾಳಾತು."

ಅವರು ಪ್ರಸಾದವನ್ನು ಪಕ್ಕಕ್ಕಿಟ್ಟು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. ಗೆಣ್ಣುಗಳು ಗಂಟುಗಟ್ಟಿ, ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಇಷ್ಟು ವರ್ಷ ಆ ಕೈಗಳು ಬಡಿಸಿದ್ದನ್ನು ಉಂಡಿದ್ದೆ, ಅವನ್ನು ನೋಡಿರಲಿಲ್ಲ. "ನನಗ ಯಾರೂ ಪುಡಿ ತಂದ ಕೊಡಲಿಲ್ಲ. ಹಿಂಗ ಬಡದೀನಿ. ನಿಮ್ಮ ಮಾವ ಒಂದ್ ದಿನಾ ಕೇಳಲಿಲ್ಲ. ನಿನಗರ ಬ್ಯಾನಿ ತಪ್ಪಲಿ ಅಂತ ಹಾಕಿದ್ರ, ನನ್ನ ನಿಲ್ಲಿಸಿ ಕೇಳಾಕತ್ತಿ?"

ಅವರ ಮೇಲೆ ಕನಿಕರ ಬಂತು. ಕರೆಯದೆ ಬಂದ ಆ ಕನಿಕರಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ತಾನು ಉಂಡ ನೋವಿನ ಲೆಕ್ಕವನ್ನು ಈ ಹೆಂಗಸು ಗಂಡನಿಗೆ ಹೇಳಲಿಲ್ಲ, ಮಗನಿಗೆ ಹೇಳಲಿಲ್ಲ, ನನಗೆ ಹೇಳಿದರು, ಅದೂ ನನ್ನ ಬಾಯಿ ಮುಚ್ಚಿಸಲು.

ನನ್ನ ಗಂಡ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅವ್ವ ಏನ ವಿಷಾ ಹಾಕ್ಯಾಳೇನ? ಕೈ ಬಂದ್ವು ಅಂತ ನೀನ ಕುಣಿದಾಡತಿದ್ದಿ" ಅಂದರು.

"ತಿಪ್ಪಿಗೆ ಹಾಕ್ರಿ ಅಂತ ಕೊಟ್ಟ ಪುಡಿ ಒಂದ್ ತಿಂಗಳಿಗೂ ಸಾಲತಿರಲಿಲ್ಲ. ಆಮ್ಯಾಗ ಯಾರು ತರತಿದ್ರು?"

ಅವರು ಅಂಗಳದ ಕಡೆ ನೋಡಿದರು. "ನಾನ ತರತಿದ್ದೆ."

ತಿಂಗಳು ತಿಂಗಳು ಮೋಟಾರ್ ಸೈಕಲ್ ಮೇಲೆ, ನಸುಕಿನಲ್ಲಿ, ಗಡಿ ದಾಟಿ, ಆ ಅಂಗಳದಲ್ಲಿ ಸಾಲು ಹಚ್ಚಿ. ಚಿಕ್ಕೋಡಿಗೆ ಬರಲು ಬಿಡುವಿಲ್ಲದ ಮನುಷ್ಯ. ಇದಕ್ಕಿಂತ ಹೆಚ್ಚು ಹೇಳಿದರೆ ಬೈಗುಳವಾಗುತ್ತದೆ, ಬೈಗುಳವನ್ನು ಆ ದಿನವೇ ಹೊಟ್ಟೆತುಂಬ ಬೈದು ಮುಗಿಸಿದ್ದೇನೆ.

ಅಂದಿನಿಂದ ನಾನು ರೊಟ್ಟಿ ಬಡಿದಿಲ್ಲ. ರಾಯಬಾಗದ ರಸ್ತೆಯಲ್ಲಿ ಕೆಲವು ಹೆಂಗಸರು ಸೇರಿ ರೊಟ್ಟಿ ಮಾಡಿ ಮಾರುತ್ತಾರೆ, ಕಟ್ಟು ಕಟ್ಟಿ ಕೊಡುತ್ತಾರೆ. ಮನೆಮಂದಿಯ ಊಟದ ಬುಟ್ಟಿ ಈಗ ಅದರಿಂದ ತುಂಬುತ್ತದೆ. ಆಳುಗಳು ತಮ್ಮ ಬುತ್ತಿ ತಾವೇ ತಂದುಕೊಳ್ಳುತ್ತಾರೆ. ಮಾವನವರ ಪದ್ಧತಿಯನ್ನು ಮುರಿದವಳು ನಾನು ಎಂದು ಊರು ಆಡಿಕೊಂಡಿತು. ಮುರಿದವಳು ನಾನೇ, ಇಲ್ಲ ಅನ್ನುವುದಿಲ್ಲ. ಅತ್ತೆ ಕೊಂಡ ರೊಟ್ಟಿಯನ್ನು ಮೊದಲ ದಿನ ತಟ್ಟೆಯಿಂದ ಎತ್ತಿ ಬದಿಗಿಟ್ಟರು, ಎರಡನೆಯ ದಿನ ಸಾರಿನಲ್ಲಿ ಅದ್ದಿ ಉಂಡರು.

ಡಾಕ್ಟರು ಹೇಳಿದ ನಿಧಾನದ ಔಷಧ ನಿಧಾನವಾಗಿಯೇ ಹತ್ತಿತು. ನೋವು ಹೋಗಿಲ್ಲ, ಅದರ ಜೊತೆ ಬಾಳುವುದು ಬಂದಿದೆ. ಬೆಳಗ್ಗೆ ಎದ್ದ ಕೂಡಲೇ ಬೋಗುಣಿಯ ಬಿಸಿನೀರಿನಲ್ಲಿ ಕೈ ಇಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತೇನೆ. ಹುಕ್ಕುಗಳನ್ನು ಕೀಳಿಸಿ ಜಂಪರಿಗೆ ಅಂಟುಪಟ್ಟಿ ಹೊಲಿಸಿದ್ದೇನೆ. ಸಾರಿನ ಹುಟ್ಟಿನ ಹಿಡಿಗೆ ಹಳೆಯ ಬಟ್ಟೆ ದಪ್ಪಗೆ ಸುತ್ತಿದ್ದೇನೆ, ಹಿಡಿಯುವುದು ಸುಲಭ. ತಿರುಗಿಸುವ ನಲ್ಲಿ ತೆಗೆಸಿ, ಒತ್ತಿದರೆ ತೆರೆಯುವ ನಲ್ಲಿ ಹಾಕಿಸಿದ್ದೇನೆ. ಇವೆಲ್ಲ ಸಣ್ಣ ಕೆಲಸಗಳು. ಇವನ್ನು ಮಾಡಿಕೊಡಲು ಮೊದಲೇ ಯಾರಿಗಾದರೂ ಮನಸ್ಸು ಬಂದಿದ್ದರೆ ಪುಡಿಯ ಅಂಗಳಕ್ಕೆ ಹೋಗಬೇಕಾಗುತ್ತಿತ್ತೋ ಇಲ್ಲವೋ. ಬಲಗೈಯ ಎರಡು ಬೆರಳು ಸೊಟ್ಟಗಾಗಿಯೇ ಉಳಿದವು. ಸಕ್ಕರೆ ಕಾಯಿಲೆಯೂ ಉಳಿಯಿತು.

ಕಳೆದ ಚಳಿಗಾಲದ ಒಂದು ಬೆಳಗ್ಗೆ ಹಿತ್ತಲ ಕಟ್ಟೆಯ ಮೇಲೆ ಬೋಗುಣಿಯಲ್ಲಿ ಕೈ ಮುಳುಗಿಸಿ ಕೂತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ನಿಧಾನ ನಡೆದು ಬಂದು ನನ್ನ ಪಕ್ಕದಲ್ಲಿ ಒಂದು ಲೋಟ ಇಟ್ಟರು. ಚಹಾ. ನಾವು ಬೇಕಾದ್ದಷ್ಟೇ ಮಾತಾಡುವುದು ಶುರುವಾಗಿ ಬಹಳ ದಿನವಾಗಿತ್ತು.

"ಏನೂ ಹಾಕಿಲ್ಲ" ಅಂದರು.

ಅವರು ಸ್ವಲ್ಪ ಹೊತ್ತು ನಿಂತರು, ಮೊದಲು ಲೋಟ ಖಾಲಿಯಾಗುವವರೆಗೆ ನಿಲ್ಲುತ್ತಿದ್ದ ಹಾಗೆಯೇ. ಆಮೇಲೆ ಒಳಗೆ ಹೋಗುವ ಬಾಗಿಲವರೆಗೆ ಹೋಗಿ ತಿರುಗಿ ನೋಡಿದರು. ಅವರು ನೋಡುತ್ತಿದ್ದಾರೆ ಎಂದು ಗೊತ್ತಿದ್ದೇ ನಾನು ಒದ್ದೆ ಕೈಯಲ್ಲಿ ಲೋಟ ಎತ್ತಿ ಚಹಾವನ್ನು ಕರಿಬೇವಿನ ಬುಡಕ್ಕೆ ಚೆಲ್ಲಿದೆ. ಅವರು ಒಳಗೆ ಹೋದರು.

ಬಿಸಿಲು ಏರಿದ ಮೇಲೆ ಒಗ್ಗರಣೆಗೆ ಎಲೆ ಕೀಳಲು ಹೋದೆ. ಕರಿಬೇವಿನ ಬುಡ ಇರುವೆಗಳಿಂದ ಕಪ್ಪಾಗಿತ್ತು. ಸಕ್ಕರೆಯೋ ಬೆಲ್ಲವೋ ಹಾಕಿದ್ದರು. ಕಹಿ ಇಲ್ಲ, ಕುಡಿದು ನೋಡು ಎಂದು ತೋರಿಸಲು ಹಾಕಿದ್ದರೋ, ಪುಡಿಯ ಕಹಿ ಗೊತ್ತಾಗದಿರಲಿ ಎಂದು ಹಾಕಿದ್ದರೋ. ಒಂದು ಗುಟುಕು ಕುಡಿದಿದ್ದರೆ ನನ್ನ ನಾಲಿಗೆಗೆ ತಿಳಿಯುತ್ತಿತ್ತು. ಒಳಗೆ ಹೋಗಿ ಕೇಳಬಹುದಾಗಿತ್ತು, ಕೇಳಲಿಲ್ಲ. ಅವರು ಏನು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಅದಾದ ಮೇಲೆ ಆ ಮನೆಯಲ್ಲಿ ಯಾರೂ ನನಗೆ ಚಹಾ ಮಾಡಿಕೊಟ್ಟಿಲ್ಲ.